ಇಸಿಟಿ ನಂತರದ ಮರೆವು: ಎಷ್ಟು ನಿಜ, ಎಷ್ಟು ಮರಳುತ್ತದೆ, ಅದರ ಜೊತೆ ಬದುಕುವುದು ಹೇಗೆ?

'ಕರೆಂಟ್ ಕೊಟ್ಟರೆ ಹಿಂದಿನದೆಲ್ಲ ಮರೆತುಹೋಗುತ್ತೆ, ಮನುಷ್ಯ ಬೊಂಬೆಯಂತೆ ಆಗಿಬಿಡುತ್ತಾನೆ' ಎಂಬ ಮಾತನ್ನು ನೀವು ಕೇಳಿರಬಹುದು. 'ಅದೆಲ್ಲ ಸಿನಿಮಾ ಕಥೆ, ಎರಡು ವಾರದಲ್ಲಿ ಎಲ್ಲ ಸರಿಹೋಗುತ್ತೆ' ಎಂಬ ಉತ್ತರವನ್ನೂ ಕೇಳಿರಬಹುದು. ಜನ 'ಶಾಕ್ ಟ್ರೀಟ್‌ಮೆಂಟ್' ಎಂದು ಕರೆಯುವ ಎಲೆಕ್ಟ್ರೋಕನ್ವಲ್ಸಿವ್ ಥೆರಪಿ, ಅಂದರೆ ಇಸಿಟಿಯ ಬಗ್ಗೆ ಈ ಎರಡೂ ಮಾತುಗಳು ಪೂರ್ತಿ ಸರಿಯಲ್ಲ.

ಮೊದಲನೆಯ ಮಾತಿಗೆ ಹೆದರಿ, ಜೀವ ಉಳಿಸಬಹುದಾದ ಚಿಕಿತ್ಸೆಯನ್ನು ಕೆಲವರು ಬೇಡ ಎನ್ನುತ್ತಾರೆ. ಎರಡನೆಯ ಮಾತಿನಿಂದಾಗುವ ತೊಂದರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಚಿಕಿತ್ಸೆ ಮುಗಿಸಿ ಮನೆಗೆ ಬಂದವರು ತಿಂಗಳುಗಳ ನಂತರವೂ 'ನನಗೆ ಕಳೆದ ವರ್ಷದ್ದು ಏನೂ ನೆನಪಿಲ್ಲ' ಎಂದರೆ, ಅದನ್ನು ಕಾಯಿಲೆಯ ಲಕ್ಷಣವೆಂದೋ ನೆಪವೆಂದೋ ತಳ್ಳಿಹಾಕಲಾಗುತ್ತದೆ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ ಮತ್ತು ಅವರ ಮನೆಯವರಿಗಾಗಿ.

ಇಸಿಟಿಯಲ್ಲಿ ಏನು ಮಾಡುತ್ತಾರೆ?

ಇಸಿಟಿಯನ್ನು ಮೊದಲು ಬಳಸಿದ್ದು 1938ರಲ್ಲಿ, ಇಟಲಿಯ ರೋಮ್‌ನಲ್ಲಿ. ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬೀನಿ ಎಂಬ ಇಬ್ಬರು ವೈದ್ಯರು. ಆಗ ಅರಿವಳಿಕೆ ಕೊಡುತ್ತಿರಲಿಲ್ಲ. ಸೆಳವು ಬಂದಾಗ ಇಡೀ ದೇಹ ಜೋರಾಗಿ ಅದುರುತ್ತಿತ್ತು, ಕೆಲವೊಮ್ಮೆ ಮೂಳೆಗಳೇ ಮುರಿಯುತ್ತಿದ್ದವು. ಸಿನಿಮಾಗಳು ಇಂದಿಗೂ ತೋರಿಸುವುದು ಈ ಹಳೆಯ ದೃಶ್ಯವನ್ನೇ.

ಈಗ ರೋಗಿಗೆ ಅರಿವಳಿಕೆ ಮತ್ತು ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿ ಕೊಟ್ಟು, ತಲೆಯ ಮೇಲಿಟ್ಟ ಎರಡು ಎಲೆಕ್ಟ್ರೋಡ್‌ಗಳ ಮೂಲಕ ಕೆಲವೇ ಸೆಕೆಂಡು ವಿದ್ಯುತ್ ಹರಿಸುತ್ತಾರೆ. ಇದರಿಂದ ಮಿದುಳಿನಲ್ಲಿ ಒಂದು ನಿಮಿಷದ ಆಸುಪಾಸಿನ ಸೆಳವು, ಅಂದರೆ ಫಿಟ್ಸ್, ಉಂಟಾಗುತ್ತದೆ. ಚಿಕಿತ್ಸೆಯ ಕೆಲಸ ಮಾಡುವುದು ಈ ಸೆಳವು. ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲದಂತೆ ಒಟ್ಟು 6ರಿಂದ 12 ಸಲ ಕೊಡುತ್ತಾರೆ.

ಔಷಧಿಗಳಿಗೆ ಬಗ್ಗದ ತೀವ್ರ ಖಿನ್ನತೆ, ಅನ್ನ ನೀರು ಬಿಟ್ಟು ಕುಳಿತ ಸ್ಥಿತಿ, ಆತ್ಮಹತ್ಯೆಯ ತೀವ್ರ ಅಪಾಯ, ಮಾತು ಚಲನೆ ಎಲ್ಲ ನಿಂತುಹೋಗುವ ಕ್ಯಾಟಟೋನಿಯಾ – ಇಂಥ ಸಂದರ್ಭಗಳಲ್ಲಿ ಇದು ಬೇಗ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಚಿಕಿತ್ಸೆಯಿಂದ ಸಾವು ಸಂಭವಿಸುವುದು ಬಹಳ ಅಪರೂಪ; ಬೇರೆ ಬೇರೆ ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ನೋಡಿದರೆ ಲಕ್ಷ ಚಿಕಿತ್ಸೆಗಳಿಗೆ ಸುಮಾರು 2. ಹಾಗಾದರೆ ಚರ್ಚೆ ಇರುವುದು ಎಲ್ಲಿ? ಮುಖ್ಯವಾಗಿ ನೆನಪಿನ ವಿಷಯದಲ್ಲಿ.

ಮೊದಲ ಕೆಲವು ದಿನಗಳು

ಚಿಕಿತ್ಸೆಯಿಂದ ಎಚ್ಚರವಾದ ಕೂಡಲೇ ತಾನು ಎಲ್ಲಿದ್ದೇನೆ, ಇವತ್ತು ಯಾವ ದಿನ ಎಂಬ ಗೊಂದಲ ಇರುತ್ತದೆ. ಹೆಚ್ಚಿನವರಲ್ಲಿ ಇದು ಒಂದು ಗಂಟೆಯೊಳಗೆ ತಿಳಿಯಾಗುತ್ತದೆ. ವಯಸ್ಸಾದವರಲ್ಲಿ ಹೆಚ್ಚು ಹೊತ್ತು ಹಿಡಿಯಬಹುದು. ತಲೆನೋವು, ದವಡೆ ನೋವು, ಮೈಕೈ ನೋವು, ವಾಕರಿಕೆ ಕೂಡ ಸಾಮಾನ್ಯ. ಇವು ಸಾಮಾನ್ಯ ಔಷಧಿಗೆ ಬಗ್ಗುತ್ತವೆ, ದಿನದೊಳಗೆ ಕಡಿಮೆಯಾಗುತ್ತವೆ.

ಪ್ರತಿ ಸಲವೂ ಗೊಂದಲ ಹೆಚ್ಚು ಹೊತ್ತು ಉಳಿಯುತ್ತಿದೆ ಎಂದಾದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಎಚ್ಚರವಾದ ಮೇಲೆ ಹೆಸರು, ಜಾಗ, ದಿನಾಂಕ ಹೇಳಲು ಹೆಚ್ಚು ಸಮಯ ತೆಗೆದುಕೊಳ್ಳುವವರಲ್ಲಿ ಮುಂದೆ ಹಳೆಯ ನೆನಪುಗಳ ನಷ್ಟವೂ ಹೆಚ್ಚಿರುವ ಸಾಧ್ಯತೆ ಇದೆ ಎಂದು ಅಧ್ಯಯನಗಳು ತೋರಿಸಿವೆ. ಉಳಿದ ಚಿಕಿತ್ಸೆಗಳಲ್ಲಿ ವಿಧಾನ ಬದಲಿಸಲು ಇದು ಒಳ್ಳೆಯ ಸೂಚನೆ.

ಮರೆವಿನಲ್ಲಿ ಎರಡು ಬಗೆ

'ನೆನಪು ಹೋಯಿತು' ಎಂದಾಗ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿರುತ್ತೇವೆ.

ಮೊದಲನೆಯದು ಹೊಸದನ್ನು ನೆನಪಿಟ್ಟುಕೊಳ್ಳಲು ಆಗದಿರುವುದು. ಬೆಳಿಗ್ಗೆ ಯಾರು ಬಂದಿದ್ದರು, ಮಾತ್ರೆ ನುಂಗಿದೆನೋ ಇಲ್ಲವೋ, ಈಗಷ್ಟೇ ಓದಿದ ಪುಟದಲ್ಲಿ ಏನಿತ್ತು – ಇಂಥವು ತಲೆಯಲ್ಲಿ ನಿಲ್ಲುವುದಿಲ್ಲ. ಹೆಚ್ಚಿನವರಲ್ಲಿ ಕೊನೆಯ ಚಿಕಿತ್ಸೆಯಾದ ಕೆಲವು ವಾರಗಳಲ್ಲಿ ಇದು ಸರಿಹೋಗುತ್ತದೆ.

ಎರಡನೆಯದು ಚಿಕಿತ್ಸೆಗಿಂತ ಮುಂಚಿನ ನೆನಪುಗಳು ಅಳಿಸಿಹೋಗುವುದು. ಇಲ್ಲೊಂದು ವಿಚಿತ್ರ ಕ್ರಮವಿದೆ. ಬಾಲ್ಯದ ಊರು, ಶಾಲೆ, ಮೇಷ್ಟ್ರ ಹೆಸರು ಎಲ್ಲ ಇರುತ್ತದೆ. ಚಿಕಿತ್ಸೆಗೆ ಹತ್ತಿರದ ವಾರಗಳು ಮತ್ತು ತಿಂಗಳುಗಳು ಇರುವುದಿಲ್ಲ. ಹಳೆಯ ನೆನಪುಗಳು ಮಿದುಳಿನ ಹೊರಪದರದಲ್ಲಿ ಬೇರೂರಿರುತ್ತವೆ, ಹೊಸ ನೆನಪುಗಳು ಇನ್ನೂ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಅವಲಂಬಿಸಿರುತ್ತವೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಹಸಿ ಸಿಮೆಂಟಿನ ಮೇಲೆ ಮಳೆ ಸುರಿದ ಹಾಗೆ ಎನ್ನಬಹುದು: ಹಿಂದಿನ ವರ್ಷ ಹಾಕಿದ ನೆಲಕ್ಕೆ ಏನೂ ಆಗುವುದಿಲ್ಲ, ನಿನ್ನೆ ಹಾಕಿದ್ದು ಕೊಚ್ಚಿಹೋಗುತ್ತದೆ.

ಈ ಎರಡನೆಯ ಬಗೆಯಲ್ಲಿ ಸ್ವಲ್ಪ ಭಾಗ ತಿಂಗಳುಗಳಲ್ಲಿ ಮರಳುತ್ತದೆ. ಕೆಲವು ನೆನಪುಗಳು ಮರಳುವುದೇ ಇಲ್ಲ. ಕೆಲವರಲ್ಲಿ ಈ ಖಾಲಿ ಜಾಗ ಕೆಲವು ವಾರಗಳದ್ದು. ಕೆಲವರಲ್ಲಿ ವರ್ಷಗಳಷ್ಟು ಹಿಂದಕ್ಕೂ ಹೋಗುತ್ತದೆ.

ಪರೀಕ್ಷೆ 'ಸರಿ' ಎನ್ನುತ್ತದೆ, ರೋಗಿ 'ಇಲ್ಲ' ಎನ್ನುತ್ತಾರೆ

2010ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 84 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಮೊದಲ ಮೂರು ದಿನಗಳಲ್ಲಿ ಕುಸಿದ ಅಂಕಗಳು ಎರಡು ವಾರಗಳ ನಂತರ ಮೊದಲಿನ ಮಟ್ಟಕ್ಕೆ ಬಂದವು, ಕೆಲವು ಪರೀಕ್ಷೆಗಳಲ್ಲಿ ಮೊದಲಿಗಿಂತ ಉತ್ತಮವಾದವು. 'ಎರಡು ವಾರದಲ್ಲಿ ಸರಿಹೋಗುತ್ತೆ' ಎಂಬ ಮಾತಿಗೆ ಇಂಥ ಫಲಿತಾಂಶಗಳೇ ಆಧಾರ.

ಇನ್ನೊಂದು ಕಡೆ, 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಯಾನಾ ರೋಸ್ ಮತ್ತು ಸಂಗಡಿಗರು ರೋಗಿಗಳ ಅನುಭವಗಳ ಬಗೆಗಿನ ಅಧ್ಯಯನಗಳನ್ನು ಪರಿಶೀಲಿಸಿದರು. ನೆನಪಿನ ನಷ್ಟ ಶಾಶ್ವತವಾಗಿ ಉಳಿದಿದೆ ಎಂದವರ ಪ್ರಮಾಣ ಬೇರೆ ಬೇರೆ ಅಧ್ಯಯನಗಳಲ್ಲಿ ಶೇ. 29ರಿಂದ 55ರವರೆಗೆ ಇತ್ತು. ಇದು ರೋಗಿಗಳು ತಾವೇ ಹೇಳಿದ್ದು, ಸಮೀಕ್ಷೆಗಳ ವಿಧಾನಗಳೂ ಬೇರೆ ಬೇರೆ; ಹಾಗಾಗಿ ಇಸಿಟಿ ಪಡೆದ ಎಲ್ಲರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎನ್ನಲಾಗದು. ಆದರೂ ಕಡೆಗಣಿಸುವಷ್ಟು ಸಣ್ಣ ಸಂಖ್ಯೆಯಂತೂ ಅಲ್ಲ.

ಎರಡೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ? ಯಾವುದನ್ನು ಅಳೆದರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೇಳುವುದು 'ಇವತ್ತು ಯಾವ ವಾರ? ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಈ ಮೂರು ಪದಗಳನ್ನು ಐದು ನಿಮಿಷದ ನಂತರ ಹೇಳಿ' ಎಂಬಂಥ ಪ್ರಶ್ನೆಗಳು. ಇವು ಈ ಕ್ಷಣದ ಗಮನವನ್ನೂ ಹೊಸದನ್ನು ಕಲಿಯುವ ಶಕ್ತಿಯನ್ನೂ ಅಳೆಯುತ್ತವೆ. 'ಕಳೆದ ವರ್ಷ ನಿಮ್ಮ ತಂಗಿಯ ಮದುವೆ ಎಲ್ಲಾಯಿತು, ಯಾರು ಯಾರು ಬಂದಿದ್ದರು?' ಎಂದು ಯಾರೂ ಕೇಳುವುದಿಲ್ಲ. ರೋಗಿ ಕಳೆದುಕೊಂಡಿರುವುದು ಆ ಮದುವೆಯನ್ನು. 2010ರ ವಿಶ್ಲೇಷಣೆಯಲ್ಲೂ ಇಂಥ ಸ್ವಂತ ಬದುಕಿನ ನೆನಪುಗಳು ಸೇರಿರಲಿಲ್ಲ.

ಸ್ವಂತ ಬದುಕಿನ ನೆನಪುಗಳನ್ನೂ ಅಳೆದ ಒಂದು ಮುಖ್ಯ ಅಧ್ಯಯನ 2007ರಲ್ಲಿ ಬಂತು. ಇಸಿಟಿಯ ಪ್ರಮುಖ ಸಂಶೋಧಕ, ಅದರ ಬೆಂಬಲಿಗರೂ ಆದ ಹೆರಾಲ್ಡ್ ಸ್ಯಾಕ್‌ಹೈಮ್ ಅವರ ತಂಡ ನ್ಯೂಯಾರ್ಕ್ ನಗರ ಪ್ರದೇಶದ 7 ಆಸ್ಪತ್ರೆಗಳಲ್ಲಿ 347 ರೋಗಿಗಳನ್ನು ಹಿಂಬಾಲಿಸಿತು. ಆರು ತಿಂಗಳ ನಂತರವೂ ಕೆಲವರಲ್ಲಿ ಹಳೆಯ ನೆನಪುಗಳ ನಷ್ಟ ಉಳಿದಿತ್ತು. ತಲೆಯ ಎರಡೂ ಬದಿಗೆ ಎಲೆಕ್ಟ್ರೋಡ್ ಇಟ್ಟು ಚಿಕಿತ್ಸೆ ಪಡೆದವರಲ್ಲಿ ಅದು ಹೆಚ್ಚಿತ್ತು.

ರೋಗಿಗಳು ಈ ಮಾತನ್ನು ಅದಕ್ಕಿಂತ ಬಹಳ ಮೊದಲೇ ಹೇಳಿದ್ದರು. ಅಮೆರಿಕದ ವಾಣಿಜ್ಯ ಇಲಾಖೆಯಲ್ಲಿ ಅರ್ಥಶಾಸ್ತ್ರಜ್ಞೆಯಾಗಿದ್ದ ಮರಿಲಿನ್ ರೈಸ್ ಅವರು ಇಸಿಟಿಯ ನಂತರ ತಮ್ಮ ಕೆಲಸದ ತಿಳಿವಳಿಕೆಯೇ ಅಳಿಸಿಹೋಯಿತು ಎಂದರು. ಅವರ ಕಥೆ 1974ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಪ್ರಕಟವಾಯಿತು. ಮುಂದೆ ಅವರು ಇಸಿಟಿ ಪಡೆದವರದೇ ಒಂದು ಸಂಘಟನೆ ಕಟ್ಟಿ, ಚಿಕಿತ್ಸೆಗೆ ಮೊದಲು ರೋಗಿಗೆ ನಿಜ ಹೇಳಬೇಕು ಎಂದು ಒತ್ತಾಯಿಸಿದರು.

ಅಮೆರಿಕದ ವರ್ಮಾಂಟ್ ರಾಜ್ಯದ ಶಾಸಕಿ ಆನ್ ಡೊನಹ್ಯೂ ಅವರ ನಿಲುವು ಬೇರೆ. 2000ದಲ್ಲಿ ಇಸಿಟಿಗೇ ಮೀಸಲಾದ ವೈದ್ಯಕೀಯ ಪತ್ರಿಕೆಯಲ್ಲಿ ಅವರು ತಮ್ಮ ಅನುಭವ ಬರೆದರು. ಚಿಕಿತ್ಸೆ ತಮ್ಮ ಜೀವ ಉಳಿಸಿರಬಹುದು ಎಂದು ಒಪ್ಪಿದರು, ಕಳೆದುಹೋದ ನೆನಪುಗಳು ಎಷ್ಟೊಂದು ಎಂಬುದನ್ನೂ ಮುಚ್ಚಿಡಲಿಲ್ಲ. ಉಪಕಾರ ಮತ್ತು ನಷ್ಟ ಒಬ್ಬರಲ್ಲೇ ಇರಬಹುದು. ಒಂದನ್ನು ಒಪ್ಪಿಕೊಳ್ಳಲು ಇನ್ನೊಂದನ್ನು ನಿರಾಕರಿಸಬೇಕಾಗಿಲ್ಲ.

ಹಾಗಾದರೆ ಮಿದುಳಿಗೆ ಹಾನಿಯಾಗಿದೆಯೇ?

ಎಂಆರ್‌ಐ ಅಧ್ಯಯನಗಳಲ್ಲಿ ಇಸಿಟಿಯಿಂದ ಮಿದುಳಿನ ಜೀವಕೋಶಗಳು ಸತ್ತ ಕುರುಹು ಕಂಡುಬಂದಿಲ್ಲ. ಹಿಪೊಕ್ಯಾಂಪಸ್‌ನ ಗಾತ್ರ ಚಿಕಿತ್ಸೆಯ ನಂತರ ಸ್ವಲ್ಪ ಹೆಚ್ಚಾಗುತ್ತದೆ ಎಂದೂ ಹಲವು ಅಧ್ಯಯನಗಳು ತೋರಿಸಿವೆ. ಡೆನ್ಮಾರ್ಕ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಸಿಟಿ ಪಡೆದವರಿಗೆ ಮುಂದೆ ಡಿಮೆನ್ಷಿಯಾ ಬರುವ ಅಪಾಯ ಹೆಚ್ಚಿರಲಿಲ್ಲ. ಹಾಗಾಗಿ 'ಮುಂದೆ ನನಗೆ ಅರಳುಮರಳು ಬರುತ್ತದೆಯೇ' ಎಂದು ಹೆದರುತ್ತಿರುವವರು ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು.

ಆದರೆ ಸ್ಕ್ಯಾನ್ ಸರಿ ಇದೆ ಎಂಬುದು ನೆನಪು ಸರಿ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ತಂಗಿಯ ಮದುವೆಯ ನೆನಪು ಇದೆಯೋ ಇಲ್ಲವೋ ಎಂಬುದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ?

ಮರೆವಿನ ಪ್ರಮಾಣ ಚಿಕಿತ್ಸೆ ಕೊಡುವ ವಿಧಾನದ ಮೇಲೆ ಬಹಳಷ್ಟು ನಿಂತಿದೆ.

- ಎಲೆಕ್ಟ್ರೋಡ್‌ನ ಜಾಗ: ಎರಡೂ ಕಪಾಲಗಳಿಗೆ ಇಟ್ಟರೆ ಮರೆವು ಹೆಚ್ಚು, ಬಲಬದಿಗೆ ಮಾತ್ರ ಇಟ್ಟರೆ ಕಡಿಮೆ.
- ವಿದ್ಯುತ್ತಿನ ಬಗೆ: ಹಳೆಯ ಯಂತ್ರಗಳ ಸೈನ್ ವೇವ್ ವಿದ್ಯುತ್ ಹೆಚ್ಚು ತೊಂದರೆ ಕೊಡುತ್ತದೆ. ಇಂದಿನ ಬ್ರೀಫ್ ಪಲ್ಸ್ ಯಂತ್ರಗಳಲ್ಲಿ ಕಡಿಮೆ, ಅಲ್ಟ್ರಾಬ್ರೀಫ್ ಪಲ್ಸ್‌ನಲ್ಲಿ ಇನ್ನೂ ಕಡಿಮೆ.
- ಪ್ರಮಾಣ ಮತ್ತು ಅಂತರ: ವಿದ್ಯುತ್ತಿನ ಪ್ರಮಾಣ ಹೆಚ್ಚಿದಷ್ಟೂ, ಒಟ್ಟು ಸಂಖ್ಯೆ ಹೆಚ್ಚಿದಷ್ಟೂ ಮರೆವು ಹೆಚ್ಚು. ವಾರಕ್ಕೆ ಮೂರರ ಬದಲು ಎರಡು ಸಲ ಕೊಟ್ಟರೆ ಕಡಿಮೆ.
- ಜೊತೆಗಿರುವ ಔಷಧಿಗಳು: ಲಿಥಿಯಂ ಜೊತೆಗಿದ್ದರೆ ಕೆಲವರಲ್ಲಿ ಗೊಂದಲ ಹೆಚ್ಚಬಹುದು. ನಿದ್ದೆ ಮತ್ತು ಆತಂಕದ ಕೆಲವು ಮಾತ್ರೆಗಳೂ ನೆನಪನ್ನು ಮಂಕಾಗಿಸುತ್ತವೆ.

ಮರೆವು ಕಡಿಮೆ ಮಾಡುವ ವಿಧಾನಗಳಲ್ಲಿ ಪರಿಣಾಮ ಕೆಲವೊಮ್ಮೆ ನಿಧಾನವಾಗುತ್ತದೆ, ಹೆಚ್ಚು ಸಲ ಚಿಕಿತ್ಸೆ ಬೇಕಾಗಬಹುದು. ಪ್ರಾಣಕ್ಕೇ ಅಪಾಯವಿರುವಾಗ ವೈದ್ಯರು ಎರಡೂ ಬದಿಯ ವಿಧಾನ ಆಯ್ಕೆ ಮಾಡಲು ಇದೇ ಕಾರಣ. ಆ ಲೆಕ್ಕಾಚಾರವನ್ನು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಬೇಕು.

ಮರೆವಿನ ಜೊತೆ ದಿನನಿತ್ಯ

ಮರೆವಿಗೆ ಮಾತ್ರೆ ಇಲ್ಲ. ಆದರೆ ಮಾಡಬಹುದಾದ ಕೆಲಸಗಳಿವೆ.

*ಮೊದಲು ಬೇರೆ ಕಾರಣಗಳನ್ನು ಪರೀಕ್ಷಿಸಿ.* ಖಿನ್ನತೆ ಪೂರ್ತಿ ಹೋಗದಿದ್ದರೆ ಅದೇ ನೆನಪನ್ನು ಕೆಡಿಸುತ್ತದೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ನಿದ್ದೆಗೇಡಿತನ, ಈಗಿನ ಔಷಧಿಗಳು – ಇವುಗಳಲ್ಲಿ ಸರಿಪಡಿಸಬಹುದಾದದ್ದು ಏನಿದೆ ಎಂದು ವೈದ್ಯರ ಜೊತೆ ನೋಡಿ. ಔಷಧಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಇಸಿಟಿ ಮುಗಿದ ಮೇಲಿನ ತಿಂಗಳುಗಳಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು.

*ಪರೀಕ್ಷೆ ಮಾಡಿಸಿಕೊಳ್ಳಿ.* ಕ್ಲಿನಿಕಲ್ ಸೈಕಾಲಜಿಸ್ಟ್ ಮಾಡುವ ನ್ಯೂರೋಸೈಕಾಲಜಿ ಪರೀಕ್ಷೆಯಲ್ಲಿ ಗಮನ, ಕಲಿಕೆ, ನೆನಪು ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಇಸಿಟಿಯಿಂದಾಗುವ ಮರೆವನ್ನು ನಮ್ಮ ದೇಶದ ರೋಗಿಗಳಲ್ಲಿ ಅಳೆಯಲೆಂದೇ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ಒಂದು ಪರೀಕ್ಷಾ ಗುಚ್ಛ ರೂಪಿಸಿ 2013ರಲ್ಲಿ ಪ್ರಕಟಿಸಿದ್ದಾರೆ. ಕೆಲಸಕ್ಕೋ ಓದಿಗೋ ರಿಯಾಯಿತಿ ಕೇಳಬೇಕಾದರೆ ಇಂಥ ಪರೀಕ್ಷೆಯ ವರದಿ ನೆರವಾಗುತ್ತದೆ.

*ಒತ್ತಾಯದಿಂದ ನೆನಪಿಸಿಕೊಳ್ಳಲು ಹೋಗಬೇಡಿ.* ಬೇರೂರುವ ಮೊದಲೇ ಅಳಿಸಿಹೋದ ನೆನಪನ್ನು ತಲೆ ಚಚ್ಚಿಕೊಂಡರೂ ಹೊರತರಲಾಗುವುದಿಲ್ಲ. ಅದರ ಬದಲು, ಆ ಕಾಲದ ಸಂಗತಿಗಳನ್ನು ಹೊಸ ಪಾಠದಂತೆ ಮತ್ತೆ ಕಲಿಯಬಹುದು. ಮೊಬೈಲ್‌ನ ಫೋಟೊಗಳು ದಿನಾಂಕದ ಪ್ರಕಾರವೇ ಇರುತ್ತವೆ. ವಾಟ್ಸ್‌ಆ್ಯಪ್ ಸಂದೇಶಗಳು, ಪಾಸ್‌ಬುಕ್, ಬಸ್ಸು ರೈಲಿನ ಟಿಕೆಟ್‌ಗಳು, ಲಗ್ನಪತ್ರಿಕೆಗಳು ಎಲ್ಲವನ್ನೂ ಸೇರಿಸಿ ಒಂದು ನೋಟ್‌ಬುಕ್‌ನಲ್ಲಿ ತಿಂಗಳುವಾರು ಬರೆಯುತ್ತಾ ಬನ್ನಿ. ನೆನಪಿದ್ದದ್ದನ್ನು ಒಂದು ಬಣ್ಣದಲ್ಲಿ, ಬೇರೆಯವರು ಹೇಳಿದ್ದನ್ನು ಇನ್ನೊಂದು ಬಣ್ಣದಲ್ಲಿ ಬರೆದರೆ, ಯಾವುದು ನಿಮ್ಮ ನೆನಪು, ಯಾವುದು ಕೇಳಿ ತಿಳಿದದ್ದು ಎಂಬ ಗೊಂದಲ ಇರುವುದಿಲ್ಲ.

*ಹಣದ ವಿಷಯದಲ್ಲಿ ಹುಷಾರು.* ಎಟಿಎಂ ಪಿನ್, ಪಾಸ್‌ವರ್ಡ್, ಯಾರಿಗೆ ಸಾಲ ಕೊಟ್ಟಿದ್ದು, ಯಾರಿಂದ ತಂದಿದ್ದು, ಚೀಟಿ ಹಣ, ವಿಮೆಯ ಕಂತು – ಇವು ಮರೆತುಹೋಗಿ ತೊಂದರೆಯಾಗಬಹುದು. 'ನೀವೇ ಒಪ್ಪಿಕೊಂಡಿದ್ದಿರಿ' ಎಂದು ಯಾರಾದರೂ ಹೇಳಿದರೆ ದಾಖಲೆ ನೋಡದೆ ಒಪ್ಪಬೇಡಿ. ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಕೆಲವು ವಾರಗಳವರೆಗೆ ಆಸ್ತಿಪಾಸ್ತಿಯ ಪತ್ರಗಳಿಗೆ ಸಹಿ ಹಾಕುವುದನ್ನೂ ಗಾಡಿ ಓಡಿಸುವುದನ್ನೂ ಮುಂದೂಡಿ.

*ಕೆಲಸಕ್ಕೆ ಮೆಲ್ಲಗೆ ಮರಳಿ.* ಸಾಧ್ಯವಿದ್ದರೆ ಮೊದಲು ಅರ್ಧ ದಿನ. ಒಂದು ಸಲಕ್ಕೆ ಒಂದೇ ಕೆಲಸ. ಬಾಯಿಮಾತಿನ ಸೂಚನೆಯನ್ನು ಬರೆದು ಕೊಡಲು ಕೇಳಿ. ಓದಬೇಕಾದದ್ದನ್ನು ಒಂದೇ ದಿನ ಐದು ಸಲ ಓದುವುದಕ್ಕಿಂತ, ಐದು ದಿನ ಒಂದೊಂದು ಸಲ ಓದಿ, ಪುಸ್ತಕ ಮುಚ್ಚಿ ಹೇಳಿಕೊಂಡರೆ ಹೆಚ್ಚು ನಿಲ್ಲುತ್ತದೆ. ಫೋನಿನ ಅಲಾರಂ, ಗೋಡೆಯ ಕ್ಯಾಲೆಂಡರ್, ಮಾತ್ರೆಯ ಡಬ್ಬಿ ಬಳಸಲು ನಾಚಿಕೊಳ್ಳಬೇಕಾಗಿಲ್ಲ.

ಮನೆಯವರು ಏನು ಮಾಡಬಹುದು?

ನೆಂಟರು ಬಂದಾಗ 'ಇವರು ಯಾರು ಹೇಳು ನೋಡೋಣ', 'ಅದೂ ನೆನಪಿಲ್ವಾ?' ಎಂದು ಪರೀಕ್ಷೆ ಮಾಡುವುದನ್ನು ಮೊದಲು ನಿಲ್ಲಿಸಿ. 'ಇವರು ನಿಮ್ಮ ಸೋದರಮಾವನ ಮಗ, ಹೋದ ವರ್ಷ ಜಾತ್ರೆಗೆ ಬಂದಿದ್ದರು' ಎಂದು ನೀವೇ ಹೇಳಿಬಿಡಿ. ಮಾತು ಮುಂದುವರಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. 'ಆ ಕೆಟ್ಟ ದಿನಗಳು ಮರೆತದ್ದೇ ಒಳ್ಳೇದಾಯ್ತು' ಎನ್ನಬೇಡಿ. ಮರೆತ ದಿನಗಳಲ್ಲಿ ಮಗುವಿನ ಮೊದಲ ಹೆಜ್ಜೆಯೂ ಇರಬಹುದು, ಅಪ್ಪನ ಕೊನೆಯ ಮಾತೂ ಇರಬಹುದು. ಕಳೆದುಹೋದದ್ದಕ್ಕೆ ದುಃಖವಾಗುವುದು ಸಹಜ. ಆ ದುಃಖವನ್ನು ಕಾಯಿಲೆ ಮರಳಿದ ಲಕ್ಷಣವೆಂದು ತಕ್ಷಣ ತೀರ್ಮಾನಿಸಬೇಡಿ, ಕುಳಿತು ಕೇಳಿ.

ಕೇಳಬೇಕಾದ ಪ್ರಶ್ನೆಗಳು, ಇರುವ ಹಕ್ಕುಗಳು

ಇಸಿಟಿ ಇನ್ನೂ ಶುರುವಾಗಿಲ್ಲ ಎಂದಾದರೆ, ಅಥವಾ ಮತ್ತೆ ಬೇಕಾಗಬಹುದು ಎಂದಾದರೆ, ಇವನ್ನು ಕೇಳಿ: ಎಲೆಕ್ಟ್ರೋಡ್ ಒಂದು ಬದಿಗೋ ಎರಡೂ ಬದಿಗೋ, ಏಕೆ? ವಾರಕ್ಕೆ ಎಷ್ಟು ಸಲ? ಮೊದಲೇ ನೆನಪಿನ ಪರೀಕ್ಷೆ ಮಾಡುತ್ತೀರಾ, ನಡುವೆ ಮತ್ತು ಕೊನೆಗೆ ಮತ್ತೆ ಮಾಡುತ್ತೀರಾ? ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2003ರಲ್ಲೇ, ಇಂಥ ಪರೀಕ್ಷೆಯನ್ನು ಚಿಕಿತ್ಸೆಯ ಉದ್ದಕ್ಕೂ, ಕನಿಷ್ಠ ಕೊನೆಯಲ್ಲಾದರೂ ಮಾಡಬೇಕು ಎಂದು ಹೇಳಿದೆ. ಚಿಕಿತ್ಸೆಗೆ ಮೊದಲು ಮುಖ್ಯ ವಿಷಯಗಳನ್ನು ಬರೆದಿಟ್ಟುಕೊಂಡರೆ ಮುಂದೆ ಬಹಳ ಉಪಯೋಗವಾಗುತ್ತದೆ.

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದು ನಿಷಿದ್ಧ. 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಮತ್ತು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂಗಡ ಅನುಮತಿ ಎರಡೂ ಇಲ್ಲದೆ ಕೊಡುವಂತಿಲ್ಲ. ತುರ್ತು ಚಿಕಿತ್ಸೆಯ ಹೆಸರಿನಲ್ಲೂ ಇಸಿಟಿ ಕೊಡುವಂತಿಲ್ಲ. ನಿಮ್ಮ ವೈದ್ಯಕೀಯ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಎಷ್ಟು ಸಲ, ಯಾವ ವಿಧಾನದಲ್ಲಿ ಕೊಟ್ಟರು ಎಂಬುದನ್ನು ಬರೆಸಿ ಇಟ್ಟುಕೊಳ್ಳಿ. ಮುಂದೆ ಕಾಯಿಲೆ ಹೆಚ್ಚಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಮುಂಗಡ ನಿರ್ದೇಶನಕ್ಕೂ ಈ ಕಾಯ್ದೆಯಲ್ಲಿ ಅವಕಾಶವಿದೆ. ಸೇವೆಯಲ್ಲಿ ಲೋಪವಾಗಿದ್ದರೆ ಮೊದಲು ಆಸ್ಪತ್ರೆಯ ಮುಖ್ಯಸ್ಥರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು.

ಯಾವಾಗ ತಡಮಾಡದೆ ವೈದ್ಯರನ್ನು ಕಾಣಬೇಕು?

ಮನೆಗೆ ಬಂದ ಮೇಲೂ ದಿನಗಟ್ಟಲೆ ಗೊಂದಲ ಉಳಿದರೆ, ತಾನಾಗಿಯೇ ಫಿಟ್ಸ್ ಬಂದರೆ, ಮರೆವು ಕಡಿಮೆಯಾಗುವ ಬದಲು ಹೆಚ್ಚುತ್ತಾ ಹೋದರೆ, ಸಾಯುವ ಯೋಚನೆಗಳು ಬಂದರೆ ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋಗುವಾಗ ನೆನಪಿಲ್ಲದ ಸಂಗತಿಗಳ ಪಟ್ಟಿಯನ್ನು ಬರೆದುಕೊಂಡು ಹೋಗಿ. 'ಮರೆವು ಜಾಸ್ತಿ' ಎಂದರೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. 'ಜನವರಿಯಿಂದ ಜೂನ್‌ವರೆಗಿನದು ನೆನಪಿಲ್ಲ, ಆಫೀಸಿನ ಈ ಕೆಲಸ ಮಾಡಲು ಬರುತ್ತಿಲ್ಲ' ಎಂದರೆ ವೈದ್ಯರು ಅದನ್ನು ದಾಖಲಿಸಿ, ಅಳೆದು, ಮುಂದಿನ ದಾರಿ ಹೇಳಬಹುದು.